ಹೆಬ್ಬೆಟ್ಟಿನಿಂದ ನೀಲಿ ಗುಂಡಿಯವರೆಗೆ

ಕಳೆದ ದೀಪಾವಳಿಯ ಸಮಯದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಹುಣಸೂರಿನ ನಮ್ಮ ಮನೆಗೆ ಬಂದಿದ್ದ. ಬೆಂಗಳೂರಿನ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಏನು ಕೆಲಸವಪ್ಪಾ ಎಂದು ಕೇಳಿದೆ. "ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್, ಸಾರ್" ಎಂದ. ನನಗೆ ಅರ್ಥವಾಗಲಿಲ್ಲವೆಂಬುದನ್ನು ನನ್ನ ಮುಖ ನೋಡಿಯೇ ತಿಳಿದುಕೊಂಡು, ನಾನು ಒಂದು ಕಾಲದಲ್ಲಿ ಅವನಿಗೆ ವಿವರಿಸುತ್ತಿದ್ದಷ್ಟೇ ತಾಳ್ಮೆಯಿಂದ ವಿವರಿಸಿದ. "ಜನ ಒಂದು ವಸ್ತುವನ್ನು ಬಳಸುವಾಗ ಅವರ ಮನಸ್ಸಿನಲ್ಲಿ ಏನು ನಡೆಯುತ್ತೆ, ಎಲ್ಲಿ ಗೊಂದಲ ಆಗುತ್ತೆ, ಎಲ್ಲಿ ಹೆದರುತ್ತಾರೆ ಅನ್ನೋದನ್ನ ಮೊದಲು ತಿಳ್ಕೋಬೇಕು ಸಾರ್. ಆಮೇಲೆ ಅದಕ್ಕೆ ತಕ್ಕ ಹಾಗೆ ವಸ್ತುವನ್ನ ರೂಪಿಸಬೇಕು. ಮನೋವಿಜ್ಞಾನವೇ ಇದಕ್ಕೆ ಬುನಾದಿ. ನಮ್ಮ ದೇಶಕ್ಕೆ ಇದು ಹೊಸದು."

ಆಗ ನಾನು ಏನೂ ಹೇಳಲಿಲ್ಲ. ಅವನು ಹೊರಟುಹೋದ ಮೇಲೆ ಜಗುಲಿಯಲ್ಲಿ ಕುಳಿತಿದ್ದಾಗ ಕೊನೆಯ ಮಾತು ಮತ್ತೆ ನೆನಪಿಗೆ ಬಂತು. ಇದು ನಿಜಕ್ಕೂ ನಮ್ಮ ದೇಶಕ್ಕೆ ಹೊಸದೇ? ಅಕ್ಷರ ಬಾರದ ಕೋಟ್ಯಂತರ ಜನರ ಕೈಗೆ ಒಂದು ಸಾಧನವನ್ನು ಕೊಟ್ಟು, ಅದನ್ನು ಅವರು ತಪ್ಪಿಲ್ಲದೆ, ಅಂಜಿಕೆಯಿಲ್ಲದೆ, ಬೇರೆಯವರಿಗೆ ತಿಳಿಯದಂತೆ ಬಳಸುವ ಹಾಗೆ ಮಾಡುವ ಕೆಲಸವನ್ನು ಈ ದೇಶ 1951ರಲ್ಲಿಯೇ ಕೈಗೆತ್ತಿಕೊಂಡಿತ್ತು. ಆ ಸಾಧನಗಳೆಂದರೆ ಮತಪೆಟ್ಟಿಗೆ, ಚಿಹ್ನೆ, ಮತಪತ್ರ, ಮೊಹರು, ಶಾಯಿ ಮತ್ತು ಕಡೆಗೆ ಮತಯಂತ್ರ. ಅಧ್ಯಾಪಕನಾಗಿದ್ದ ನಾನು 1972ರಿಂದ 2004ರವರೆಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ತಾಲ್ಲೂಕುಗಳ ಮತಗಟ್ಟೆಗಳಲ್ಲಿ ಚುನಾವಣೆಯ ಕರ್ತವ್ಯ ನಿರ್ವಹಿಸಿದ್ದೇನೆ. ಆದ್ದರಿಂದ ಈ ಚರಿತ್ರೆಯ ಬಹುಭಾಗವನ್ನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ಮೇಜಿನ ಹಿಂದೆ ಕುಳಿತು ಕಂಡವನು. ಆ ವಿದ್ಯಾರ್ಥಿಗೆ ಅಂದು ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ.

ಮೊದಲನೆಯ ಮಹಾಚುನಾವಣೆ ನಡೆದದ್ದು 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ. ಮತದಾರರ ಸಂಖ್ಯೆ 17 ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಓದುಬರಹ ಬರುತ್ತಿರಲಿಲ್ಲ. ಓದಲು ಬಾರದವನು ಪಟ್ಟಿಯಲ್ಲಿರುವ ಹೆಸರುಗಳಲ್ಲಿ ತನಗೆ ಬೇಕಾದದ್ದನ್ನು ಗುರುತಿಸುವುದು ಹೇಗೆ? ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರ ಕಾಲದಲ್ಲಿ ಕಂಡುಕೊಂಡ ಉತ್ತರ ಬಹಳ ಸರಳವಾದದ್ದು. ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಪೆಟ್ಟಿಗೆ, ಆ ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮತದಾರನ ಕೈಗೆ ಒಂದು ರೂಪಾಯಿ ನೋಟಿನ ಅಳತೆಯ ಚೀಟಿಯನ್ನು ಕೊಡುತ್ತಿದ್ದರು. ಅವನು ಅದರ ಮೇಲೆ ಏನನ್ನೂ ಬರೆಯಬೇಕಾಗಿರಲಿಲ್ಲ, ಗುರುತು ಹಾಕಬೇಕಾಗಿರಲಿಲ್ಲ. ಮರೆಯೊಳಗೆ ಹೋಗಿ, ತನಗೆ ಬೇಕಾದ ಚಿಹ್ನೆಯಿರುವ ಪೆಟ್ಟಿಗೆಯೊಳಗೆ ಚೀಟಿ ಹಾಕಿ ಬಂದರಾಯಿತು. ದೇಶದಾದ್ಯಂತ 20 ಲಕ್ಷದಷ್ಟು ಪೆಟ್ಟಿಗೆಗಳು ಇದಕ್ಕಾಗಿ ಬೇಕಾದವು. ನಮ್ಮ ಹುಣಸೂರಿನಿಂದ ಡಿ. ದೇವರಾಜ ಅರಸರು ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾದದ್ದು ಇಂತಹ ಪೆಟ್ಟಿಗೆಗಳಿಗೆ ಬಿದ್ದ ಚೀಟಿಗಳಿಂದಲೇ.

1957ರ ಚುನಾವಣೆಯೂ ಇದೇ ರೀತಿಯಲ್ಲಿ ನಡೆಯಿತು. ಆಗ ನನಗೆ ಒಂಬತ್ತು ವರ್ಷ. ನಮ್ಮಜ್ಜಿಯ ಸೆರಗು ಹಿಡಿದು ಚುಂಚನಕಟ್ಟೆಯ ಕಡೆಯ ನಮ್ಮೂರಿನ ಶಾಲೆಯವರೆಗೆ ಹೋಗಿದ್ದೆ. ಒಳಗೆ ಹೋದ ಅಜ್ಜಿ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಆಮೇಲೆ ಕೇಳಿದಾಗ, "ಜೋಡೆತ್ತಿನ ಪೆಟ್ಗೆಗೆ ಕೈ ಮುಗ್ದು ಚೀಟಿ ಹಾಕ್ದೆ ಕಣೋ" ಎಂದಳು. ಅಜ್ಜಿಗೆ ಅಭ್ಯರ್ಥಿಯ ಹೆಸರು ಗೊತ್ತಿರಲಿಲ್ಲ. ಎತ್ತುಗಳು ಗೊತ್ತಿದ್ದವು. ಚಿಹ್ನೆಯನ್ನು ಆರಿಸಿದವರು ಅರಿತಿದ್ದ ಸಂಗತಿಯೂ ಇದೇ ಆಗಿತ್ತು. ಎತ್ತು, ಗುಡಿಸಲು, ದೀಪ, ತೆನೆ, ಕುಡುಗೋಲು ಇವೆಲ್ಲ ಹಳ್ಳಿಯ ಕಣ್ಣು ದಿನವೂ ನೋಡುವಂಥವು. ಹೊಸದಾಗಿ ಏನನ್ನೂ ಕಲಿಸಬೇಕಾಗಿರಲಿಲ್ಲ. ಮನಸ್ಸಿನಲ್ಲಿ ಆಗಲೇ ಇದ್ದದ್ದನ್ನು ಬಳಸಿಕೊಂಡರಾಗಿತ್ತು.

ಆದರೆ ಮನಸ್ಸಿಗೆ ಒಮ್ಮೆ ಅಂಟಿಕೊಂಡದ್ದು ಸುಲಭವಾಗಿ ಬಿಡುವುದೂ ಇಲ್ಲ. 1969ರಲ್ಲಿ ಕಾಂಗ್ರೆಸ್ ಪಕ್ಷ ಒಡೆಯಿತು. 1971ರ ಚುನಾವಣೆಯ ಹೊತ್ತಿಗೆ ಜೋಡೆತ್ತು ಯಾವ ಬಣಕ್ಕೂ ದೊರೆಯದೆ ಹೋಯಿತು. ಇಂದಿರಾ ಗಾಂಧಿಯವರ ಪಕ್ಷಕ್ಕೆ ಹಸು ಮತ್ತು ಕರು ಬಂದವು, 1978ರಲ್ಲಿ ಹಸ್ತ ಬಂದಿತು. ಅಜ್ಜಿ ಆಗಲೂ ಬದುಕಿದ್ದಳು. "ಎತ್ತು ಹೋಗಿ ಹಸ ಬಂತು, ಹಸ ಹೋಗಿ ಬರೀ ಕೈ ಬಂತು, ನಾನು ಯಾವ್ದನ್ನ ಹುಡುಕ್ಲಿ?" ಎಂದು ಗೊಣಗುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದೆವು. ಈಗ ಯೋಚಿಸಿದರೆ ಅದು ನಗುವ ಮಾತಲ್ಲ. ಅಂಗಡಿಯವನು ವರ್ಷಕ್ಕೊಮ್ಮೆ ಉಪ್ಪಿನ ಡಬ್ಬಿಯನ್ನೂ ಸಕ್ಕರೆಯ ಡಬ್ಬಿಯನ್ನೂ ಅದಲು ಬದಲು ಮಾಡಿಟ್ಟರೆ ನಾವು ದೂರುವುದು ಯಾರನ್ನು?

ಪೆಟ್ಟಿಗೆಯ ಪದ್ಧತಿಗೂ ದೋಷಗಳಿದ್ದವು. ಅಭ್ಯರ್ಥಿಗಳು ಹೆಚ್ಚಾದಷ್ಟೂ ಪೆಟ್ಟಿಗೆಗಳು ಹೆಚ್ಚಬೇಕು. ಅದಕ್ಕಿಂತ ಮುಖ್ಯವಾಗಿ, ಗುರುತಿಲ್ಲದ ಚೀಟಿಯನ್ನು ಮರೆಯೊಳಗೆ ಹೋದವನು ಪೆಟ್ಟಿಗೆಗೆ ಹಾಕದೆ ಜೇಬಿನಲ್ಲಿಟ್ಟುಕೊಂಡು ಹೊರಗೆ ತಂದು ಮಾರಿಕೊಳ್ಳಬಹುದಾಗಿತ್ತು. ಆದ್ದರಿಂದ 1962ರ ಮಹಾಚುನಾವಣೆಯ ಹೊತ್ತಿಗೆ ಎಲ್ಲ ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಗಳು ಒಂದೇ ಹಾಳೆಯ ಮೇಲೆ ಅಚ್ಚಾದ ಮತಪತ್ರ ಬಂದಿತು. ಮತದಾರ ತನಗೆ ಬೇಕಾದ ಚಿಹ್ನೆಯ ಬಳಿ ರಬ್ಬರ್ ಮೊಹರು ಒತ್ತಿ, ಮಡಿಸಿ, ಎಲ್ಲರಿಗೂ ಸಮಾನವಾದ ಒಂದೇ ಪೆಟ್ಟಿಗೆಗೆ ಹಾಕಬೇಕು.

ಆ ಮೊಹರಿನ ಆಕಾರವನ್ನು ನೆನಪಿಸಿಕೊಳ್ಳಿ. ಬಾಣದ ತುದಿಗಳುಳ್ಳ, ಒಂದು ದಿಕ್ಕಿಗೆ ತಿರುಗಿದಂತಿರುವ ಅಡ್ಡಗುರುತು ಅದು. ಅದು ಬರಿಯ ಅಲಂಕಾರವಾಗಿರಲಿಲ್ಲ. ಹಸಿ ಶಾಯಿಯ ಹಾಳೆಯನ್ನು ಮಡಿಸಿದಾಗ ಗುರುತು ಇನ್ನೊಂದು ಕಡೆಗೂ ಅಂಟುತ್ತದೆ. ಆಗ ಯಾವುದು ಒತ್ತಿದ ಗುರುತು, ಯಾವುದು ಅಂಟಿದ ಗುರುತು? ಅಂಟಿದ್ದು ಕನ್ನಡಿಯ ಬಿಂಬದಂತೆ ಹಿಂದುಮುಂದಾಗಿರುತ್ತದೆಯಾದ್ದರಿಂದ ಎಣಿಸುವವರಿಗೆ ನೋಡಿದೊಡನೆ ತಿಳಿಯುತ್ತಿತ್ತು. ಮತಪತ್ರವನ್ನು ಮೊದಲು ಉದ್ದುದ್ದವಾಗಿ, ಆಮೇಲೆ ಅಡ್ಡಡ್ಡವಾಗಿ ಮಡಿಸಿರಿ ಎಂದು ಮತದಾರರಿಗೆ ನಾವು ಸಾರಿ ಸಾರಿ ಹೇಳುತ್ತಿದ್ದುದೂ ಅದಕ್ಕಾಗಿಯೇ. ಜನ ಹೇಳಿದ ಹಾಗೆ ಮಡಿಸುವುದಿಲ್ಲ ಎಂಬುದನ್ನು ಮೊದಲೇ ಊಹಿಸಿ, ತಪ್ಪು ಮಡಿಕೆಯಿಂದಲೂ ಮತ ಹಾಳಾಗದಂತೆ ಮೊಹರಿನಲ್ಲಿಯೇ ರಕ್ಷಣೆ ಇಟ್ಟಿದ್ದರು.

ಅದೇ 1962ರ ಚುನಾವಣೆಯಲ್ಲಿ ನಮ್ಮ ಮೈಸೂರಿನ ಶಾಯಿ ಬಳಕೆಗೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಅದನ್ನು ತಯಾರಿಸಿತು. ಇಂದು ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರದಂತೆ ತಯಾರಾಗುವ ಈ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಅದು ಬೆಳಕಿಗೆ ಕಪ್ಪಾಗಿ ಚರ್ಮಕ್ಕೂ ಉಗುರಿಗೂ ಹಿಡಿದುಕೊಳ್ಳುತ್ತದೆ. ಒಬ್ಬನು ಎರಡು ಬಾರಿ ಮತ ಹಾಕದಂತೆ ತಡೆಯುವುದು ಅದರ ಉದ್ದೇಶ. ಆದರೆ ನಾನು ಕಂಡಂತೆ ಅದು ಮತ್ತೊಂದು ಕೆಲಸವನ್ನೂ ಮಾಡಿತು. ಮತ ಹಾಕಿ ಬಂದವರು ತಮ್ಮ ಎಡಗೈ ತೋರುಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುವರು, ಕೂಲಿಯಾಳು ಧಣಿಗೆ ತೋರಿಸುವನು, ಧಣಿ ಕೂಲಿಯಾಳಿಗೆ ತೋರಿಸುವನು. ಎರಡು ಬೆರಳಿನ ಮೇಲೂ ಒಂದೇ ಗುರುತು. ಆ ನಾಲ್ಕು ದಿನದ ಮಟ್ಟಿಗಾದರೂ ಊರಿನಲ್ಲಿ ಅಂತಹ ಸಮಾನತೆಯ ಸಾಕ್ಷಿ ಬೇರೆ ಯಾವುದಿತ್ತು?

ಇಷ್ಟೆಲ್ಲ ಯೋಚಿಸಿ ಮಾಡಿದ ಏರ್ಪಾಡಿನಲ್ಲಿಯೂ ಒಂದು ದೊಡ್ಡ ಬಿರುಕು ಉಳಿದಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಮತ ಎಣಿಕೆಯ ಕೊಠಡಿಯಲ್ಲಿ. ಎಂಬತ್ತರ ದಶಕದ ಒಂದು ಚುನಾವಣೆ. ಕಟ್ಟುಗಳನ್ನು ಬಿಚ್ಚಿ ಒಂದೊಂದೇ ಮತಪತ್ರವನ್ನು ಬಿಡಿಸಿ ಇಡುತ್ತಿದ್ದೆವು. ಒಂದು ಮತಪತ್ರದಲ್ಲಿ ಮೊಹರಿನ ಬದಲು ಚಿಹ್ನೆಯ ಮೇಲೆ ಅಚ್ಚುಕಟ್ಟಾದ ಹೆಬ್ಬೆಟ್ಟಿನ ಗುರುತು. ರೇಖೆಗಳೆಲ್ಲ ಸ್ಪಷ್ಟ. ಶಾಯಿ ಪ್ಯಾಡಿಗೆ ಹೆಬ್ಬೆರಳು ಅದ್ದಿ ಜೋಪಾನವಾಗಿ ಒತ್ತಿದ್ದರು. ಮೇಲ್ವಿಚಾರಕರು ನೋಡಿ "ತಿರಸ್ಕೃತ" ಎಂದರು. ನಿಯಮ ಅದನ್ನೇ ಹೇಳುತ್ತದೆ. ಕೊಟ್ಟ ಮೊಹರಿನಿಂದಲ್ಲದೆ ಬೇರೆ ರೀತಿಯಲ್ಲಿ ಹಾಕಿದ ಗುರುತು, ಮತದಾರ ಯಾರೆಂದು ಪತ್ತೆಹಚ್ಚಲು ಅನುವಾಗುವ ಗುರುತು, ಇವೆರಡೂ ಮತವನ್ನು ಅಸಿಂಧುಗೊಳಿಸುತ್ತವೆ. ಆಮೇಲೆ ಅಂಥದೇ ಇನ್ನೊಂದು ಬಂತು, ಮತ್ತೊಂದು ಬಂತು. ನಮ್ಮ ಮೇಜಿನಲ್ಲಿ ಯಾರೋ "ಎಷ್ಟು ಹೇಳಿದ್ರೂ ಈ ಜನಕ್ಕೆ ಬುದ್ಧಿ ಬರಲ್ಲ" ಎಂದರು. ನಾನೂ ತಲೆಯಾಡಿಸಿದೆ.

ಅಂದು ರಾತ್ರಿ ಮನೆಗೆ ಬಂದು ಮಲಗಿದಾಗ ಬಿ.ಎಡ್. ತರಗತಿಯಲ್ಲಿ ಓದಿದ ಪಾಠವೊಂದು ನೆನಪಾಯಿತು. ಶೈಕ್ಷಣಿಕ ಮನೋವಿಜ್ಞಾನದಲ್ಲಿ ಅದಕ್ಕೆ ಕಲಿಕೆಯ ವರ್ಗಾವಣೆ ಎನ್ನುತ್ತಾರೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ನೆರವಾಗುವುದುಂಟು, ಅಡ್ಡಿಯಾಗುವುದೂ ಉಂಟು. ಮನೋವಿಜ್ಞಾನವೇನೂ ನಮಗೆ ದೂರದ ಶಾಸ್ತ್ರವಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಿಂದಲೇ ಅದನ್ನು ಕಲಿಸುತ್ತಿದ್ದರು. ಆ ವಿಭಾಗದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಮೈಸೂರಿನ ಆಕಾಶವಾಣಿಯನ್ನು ಆರಂಭಿಸಿದವರು. ನಾವು ಆ ಪಾಠವನ್ನು ಪರೀಕ್ಷೆಗೆಂದು ಓದಿ ಮರೆತಿದ್ದೆವು, ಅಷ್ಟೆ.

ಯೋಚಿಸಿ ನೋಡಿ. ಆ ಮತದಾರ ಜೀವಮಾನವಿಡೀ ಸರ್ಕಾರದ ಎದುರು ಮಾಡಿದ್ದು ಏನು? ಸೊಸೈಟಿಯಲ್ಲಿ ಸಾಲ ಪಡೆದಾಗ ಹೆಬ್ಬೆಟ್ಟು, ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು, ಪಡಿತರದ ಪುಸ್ತಕಕ್ಕೆ ಹೆಬ್ಬೆಟ್ಟು, ಕೂಲಿ ಬಟವಾಡೆಯ ರಿಜಿಸ್ಟರಿಗೆ ಹೆಬ್ಬೆಟ್ಟು. ಮೇಜು, ಶಾಯಿ ಪ್ಯಾಡು, ಹಾಳೆ ಮತ್ತು ಅಧಿಕಾರಿ ಇವು ನಾಲ್ಕೂ ಕೂಡಿದ ಕಡೆಯಲ್ಲೆಲ್ಲ ಹೆಬ್ಬೆಟ್ಟೇ ಸರಿಯುತ್ತರ ಎಂದು ನಾವೇ ಕಲಿಸಿದ್ದೆವು. ವರ್ಷ ವರ್ಷವೂ ಅಭ್ಯಾಸ ಮಾಡಿಸಿದ್ದೆವು. ಐದು ವರ್ಷಕ್ಕೊಮ್ಮೆ ಮಾತ್ರ ಅದೇ ಮೇಜು, ಅದೇ ಪ್ಯಾಡು ಇಟ್ಟು ಇಂದು ಹೆಬ್ಬೆಟ್ಟು ತಪ್ಪು ಎಂದೆವು. ಅವನು ಬುದ್ಧಿಯಿಲ್ಲದೆ ತಪ್ಪು ಮಾಡಲಿಲ್ಲ. ಕಲಿತದ್ದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರಿಂದಲೇ ತಪ್ಪು ಮಾಡಿದ. ಅವನ ಮತ ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಕಾಗದದ ಮತಪತ್ರಕ್ಕೆ ಇನ್ನೊಂದು ಮಿತಿಯೂ ಇತ್ತು. 1996ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ ಬೆಳಗಾವಿ ಕ್ಷೇತ್ರದಲ್ಲಿ 456 ಮಂದಿ ಅಭ್ಯರ್ಥಿಗಳು ನಿಂತರು. ಅಷ್ಟು ಹೆಸರುಗಳ ನಡುವೆ ಒಬ್ಬ ರೈತ ತನ್ನ ಚಿಹ್ನೆಯನ್ನು ಹುಡುಕುವುದನ್ನು ಕಲ್ಪಿಸಿಕೊಳ್ಳಿ. ಓದು ಬಲ್ಲವನಿಗೂ ಅದು ಕಷ್ಟವೇ. ಆಯ್ಕೆಗಳು ಹೆಚ್ಚಾದಷ್ಟೂ ಸ್ವಾತಂತ್ರ್ಯ ಹೆಚ್ಚುತ್ತದೆಂದು ತೋರಿದರೂ, ಒಂದು ಮಿತಿ ದಾಟಿದ ಮೇಲೆ ಮನಸ್ಸು ದಣಿಯುತ್ತದೆ. ಅದೇ ವರ್ಷ ಲೋಕಸಭೆಗೆ ಸ್ಪರ್ಧಿಸುವವರ ಠೇವಣಿಯನ್ನು 500 ರೂಪಾಯಿಯಿಂದ 10,000 ರೂಪಾಯಿಗೆ ಏರಿಸಿದರು.

ಇನ್ನು ಯಂತ್ರದ ಕಥೆ. 1977ರಲ್ಲಿ ಚುನಾವಣಾ ಆಯೋಗದಲ್ಲಿ ಹುಟ್ಟಿದ ಆಲೋಚನೆ ಅದು. ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ 1979ರಲ್ಲಿ ಮಾದರಿಯೊಂದನ್ನು ತಯಾರಿಸಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಈ ಕೆಲಸದಲ್ಲಿ ಕೈಜೋಡಿಸಿತು. 1982ರ ಮೇ 19ರಂದು ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದನ್ನು ಮೊದಲ ಬಾರಿಗೆ ಬಳಸಿದರು. ಕಾನೂನಿನಲ್ಲಿ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು 1984ರಲ್ಲಿ ಆ ಮತದಾನವನ್ನು ಒಪ್ಪಲಿಲ್ಲ. 1988ರ ಡಿಸೆಂಬರಿನಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಆ ಹೊತ್ತಿನಲ್ಲಿ ಯಂತ್ರಕ್ಕೆ ಈಗಿನ ರೂಪ ಕೊಟ್ಟವರು ಮುಂಬಯಿ ಐಐಟಿಯ ಕೈಗಾರಿಕಾ ವಿನ್ಯಾಸ ಕೇಂದ್ರದ ಎ.ಜಿ. ರಾವ್ ಮತ್ತು ರವಿ ಪೂವಯ್ಯನವರು. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ 16 ವಿಧಾನಸಭಾ ಕ್ಷೇತ್ರಗಳಲ್ಲಿ ಪ್ರಯೋಗ ನಡೆಯಿತು. 2004ರಲ್ಲಿ ದೇಶದ 543 ಲೋಕಸಭಾ ಕ್ಷೇತ್ರಗಳಲ್ಲಿಯೂ ಯಂತ್ರಗಳೇ ಇದ್ದವು.

ಆ ಯಂತ್ರವನ್ನು ಮೊದಲು ನೋಡಿದಾಗ ಇದು ಬಹಳ ಸಾಧಾರಣ ವಸ್ತು ಎಂದುಕೊಂಡಿದ್ದೆ. ಆಮೇಲೆ ಅದರ ಜಾಣ್ಮೆ ತಿಳಿಯಿತು. ಮತದಾರನ ಮುಂದಿರುವ ಬ್ಯಾಲಟ್ ಯೂನಿಟ್ ನೋಡಲು ಹಳೆಯ ಮತಪತ್ರದ ಹಾಗೆಯೇ ಇದೆ. ಸಾಲುಸಾಲಾಗಿ ಹೆಸರು, ಅದರ ಪಕ್ಕದಲ್ಲಿ ಚಿಹ್ನೆ. ಹೊಸದಾಗಿ ಕಲಿಯಬೇಕಾದದ್ದು ಚಿಹ್ನೆಯ ಪಕ್ಕದ ನೀಲಿ ಗುಂಡಿಯೊಂದನ್ನೇ. ಅಭ್ಯರ್ಥಿಗಳಿಲ್ಲದ ಕಡೆಯ ಗುಂಡಿಗಳನ್ನು ಮುಚ್ಚಿರುತ್ತಾರೆ. ಒತ್ತಬಾರದ್ದು ಕಣ್ಣಿಗೆ ಬೀಳುವುದೇ ಇಲ್ಲ. ಅಧಿಕಾರಿ ತನ್ನ ಕಂಟ್ರೋಲ್ ಯೂನಿಟ್ಟಿನಿಂದ ಅನುಮತಿ ಕೊಟ್ಟಾಗ ಹಸಿರು ದೀಪ ಹತ್ತುತ್ತದೆ. ಗುಂಡಿ ಒತ್ತಿದರೆ ಆ ಅಭ್ಯರ್ಥಿಯ ಎದುರು ಕೆಂಪು ದೀಪ ಬೆಳಗುತ್ತದೆ, ಜೊತೆಗೆ "ಬೀಪ್" ಎಂಬ ದೀರ್ಘ ಸದ್ದು. ಎರಡನೆಯ ಬಾರಿ ಒತ್ತಿದರೆ ಏನೂ ಆಗುವುದಿಲ್ಲ. ಎರಡು ಕಡೆ ಗುರುತು ಹಾಕಿ ಮತ ಹಾಳಾಗುವ ಮಾತೇ ಇಲ್ಲ. ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟಿಲ್ಲದ ಹಾಡಿಗೂ ಒಯ್ಯಬಹುದು. ಮುಟ್ಟಿದರೆ ಶಾಕ್ ಹೊಡೆಯುತ್ತದೆಂಬ ಅಂಜಿಕೆಗೂ ಅದೇ ಉತ್ತರ.

ನಮಗೆ ಬಿ.ಎಡ್.ನಲ್ಲಿ ಥಾರ್ನ್‌ಡೈಕನ ಪರಿಣಾಮ ನಿಯಮವೆಂದು ಪಾಠವಿತ್ತು. ಮಾಡಿದ ಕೆಲಸಕ್ಕೆ ಒಡನೆಯೇ ತೃಪ್ತಿಕರವಾದ ಪರಿಣಾಮ ಕಂಡರೆ ಕಲಿಕೆ ನೆಲೆಗೊಳ್ಳುತ್ತದೆ ಎಂಬುದು ಅದರ ತಾತ್ಪರ್ಯ. ಹಳೆಯ ಪೆಟ್ಟಿಗೆಗೆ ಬಿದ್ದ ಚೀಟಿ ಮಾತಾಡುತ್ತಿರಲಿಲ್ಲ. ಯಂತ್ರ "ಆಯಿತು" ಎಂದು ಹೇಳುತ್ತದೆ. ಆ ಸದ್ದು ಮತದಾರನಿಗೆ ಸಮಾಧಾನ, ಹೊರಗೆ ಕುಳಿತ ಅಧಿಕಾರಿಗೂ ಏಜೆಂಟರಿಗೂ ಸೂಚನೆ. ಯಾರಿಗೆ ಹಾಕಿದರೆಂಬುದು ಮಾತ್ರ ಗುಟ್ಟು.

ಇನ್ನು ನನ್ನ ತಪ್ಪಿನ ಕಥೆಗೆ ಬರುತ್ತೇನೆ. 2004ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ. ನಿವೃತ್ತಿಗೆ ಎರಡು ವರ್ಷವಿತ್ತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಮತಗಟ್ಟೆಯೊಂದಕ್ಕೆ ನನ್ನನ್ನು ಅಧ್ಯಕ್ಷಾಧಿಕಾರಿಯಾಗಿ ಹಾಕಿದ್ದರು. ಸುತ್ತಲಿನ ಹಾಡಿಗಳ ಜೇನುಕುರುಬರು ಅಲ್ಲಿ ಮತ ಹಾಕಬೇಕಾಗಿತ್ತು. ಬಂದವರಿಗೆ ರಟ್ಟಿನ ಮಾದರಿಯೊಂದನ್ನು ಹಿಡಿದು ವಿವರಿಸುತ್ತಿದ್ದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದವನಲ್ಲವೇ, ವಿವರಿಸುವುದರಲ್ಲಿ ನನಗೆ ನನ್ನದೇ ಹೆಮ್ಮೆ.

ಒಬ್ಬ ಅಜ್ಜಿ ಮರೆಯೊಳಗೆ ಹೋದರು. ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ಬಾಗಿಲ ಕಡೆಗೆ ನಡೆದರು.

"ಅಜ್ಜಿ, ನಿಂತ್ಕೊಳ್ಳಿ. ಒತ್ತಿದ್ರಾ?"

"ಒತ್ತಿದ್ನಲ್ಲ ಸಾಮಿ."

"ಸದ್ದೇ ಬರ್ಲಿಲ್ವಲ್ಲ. ಮತ್ತೆ ಹೋಗಿ ಒತ್ತಿ."

ಹೋದರು. ಸದ್ದಿಲ್ಲ. ಹೊರಗೆ ಬಿಸಿಲಿನಲ್ಲಿ ಸಾಲು ಬೆಳೆಯುತ್ತಿತ್ತು. ನನಗೆ ತಾಳ್ಮೆ ತಪ್ಪಿತು. "ಇಷ್ಟು ಹೇಳಿದ್ರೂ ತಿಳಿಯಲ್ವಾ? ಎಲ್ಲಿಗೆ ಒತ್ತುತ್ತಾ ಇದ್ದೀರಿ?" ಎಂದು ಎಲ್ಲರ ಎದುರಿಗೇ ಗದರಿದೆ. ಅವರು ಹೆದರಿ ಹಿಂದಕ್ಕೆ ಸರಿದರು. ಆಮೇಲೆ ನನ್ನ ಕೈಯಲ್ಲಿದ್ದ ರಟ್ಟಿನ ಕಡೆ ಬೆರಳು ತೋರಿಸಿ ಮೆಲ್ಲಗೆ ಹೇಳಿದರು: "ನೀವೇ ಹಂಗೆ ತೋರ್ಸಿದ್ರಲ್ಲ ಸಾಮಿ."

ನಾನು ರಟ್ಟನ್ನು ನೋಡಿದೆ. ಬೆಳಿಗ್ಗೆಯಿಂದ ನಾನು ಮಾಡುತ್ತಿದ್ದುದು ನೆನಪಿಗೆ ಬಂತು. "ನೋಡಿ, ಇಲ್ಲಿ ನಿಮ್ಮ ಗುರ್ತು ಇರುತ್ತೆ" ಎನ್ನುತ್ತ ಚಿಹ್ನೆಯ ಮೇಲೆ ಬೆರಳಿನಿಂದ ಎರಡು ಮೂರು ಬಾರಿ ತಟ್ಟುತ್ತಿದ್ದೆ. "ಆಮೇಲೆ ಪಕ್ಕದ ಗುಂಡಿ ಒತ್ತಿ" ಎಂದು ಬಾಯಲ್ಲಿ ಹೇಳಿ, ಬೆರಳನ್ನು ಗುಂಡಿಯ ಮೇಲೆ ಸುಮ್ಮನೆ ಸರಿಸಿ ಮುಗಿಸುತ್ತಿದ್ದೆ. ಅಜ್ಜಿ ನನ್ನ ಬಾಯನ್ನಲ್ಲ, ಬೆರಳನ್ನು ನೋಡಿದ್ದರು. ಬೆರಳು ಯಾವುದನ್ನು ತಟ್ಟಿತೋ ಅದನ್ನೇ ಒತ್ತಿದ್ದರು, ಅದೂ ಎರಡು ಬಾರಿ. ಅವರು ಪಾಠವನ್ನು ತಪ್ಪಿಲ್ಲದೆ ಕಲಿತಿದ್ದರು. ಪಾಠವೇ ತಪ್ಪಾಗಿತ್ತು.

"ತಪ್ಪು ನನ್ದು ಅಜ್ಜಿ" ಎಂದೆ. ಚಿಹ್ನೆಯನ್ನು ಕಣ್ಣಿನಿಂದ ಮಾತ್ರ ನೋಡಬೇಕು, ಬೆರಳು ನೀಲಿಯ ಮೇಲೆ ಮಾತ್ರ ಎಂದು ಹೊಸದಾಗಿ ತೋರಿಸಿದೆ. ಹೋದರು. ಬೀಪ್ ಎಂದಿತು. ಎರಡನೆಯ ಯಂತ್ರವೂ ಬೀಪ್ ಎಂದಿತು. ಹೊರಗೆ ಬಂದವರ ಮುಖದಲ್ಲಿ ನಗುವಿತ್ತು. ಅಂದು ಸಂಜೆಯವರೆಗೂ ರಟ್ಟಿನ ಮೇಲೆ ನೀಲಿ ಗುಂಡಿಯನ್ನಲ್ಲದೆ ಬೇರೆ ಯಾವುದನ್ನೂ ನನ್ನ ಬೆರಳು ಮುಟ್ಟಲಿಲ್ಲ. ಮತ್ತೆ ಯಾರನ್ನೂ ವಾಪಸು ಕಳುಹಿಸಬೇಕಾಗಲಿಲ್ಲ.

ಇಂತಹ ತಪ್ಪುಗಳು ಓದುಬಾರದವರ ಪಾಲಿಗೆ ಮಾತ್ರವೆಂದು ತಿಳಿಯಬೇಡಿ. 2000ದ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ಫ್ಲಾರಿಡಾ ರಾಜ್ಯದ ಫಲಿತಾಂಶದ ಮೇಲೆ ನಿಂತಿತ್ತು. ಅಲ್ಲಿನ ಪಾಮ್ ಬೀಚ್ ಕೌಂಟಿಯಲ್ಲಿ, ವಯಸ್ಸಾದವರಿಗೆ ಕಾಣಲೆಂದು ಅಕ್ಷರಗಳನ್ನು ದೊಡ್ಡದು ಮಾಡಿ, ಹೆಸರುಗಳನ್ನು ಚಿಟ್ಟೆಯ ರೆಕ್ಕೆಗಳಂತೆ ಎರಡು ಪುಟಗಳಲ್ಲಿ ಹಂಚಿ, ತೂತು ಮಾಡಬೇಕಾದ ಜಾಗಗಳನ್ನೆಲ್ಲ ನಡುವಿನ ಒಂದೇ ಸಾಲಿನಲ್ಲಿ ಇಟ್ಟಿದ್ದರು. ಎಡಪುಟದಲ್ಲಿ ಎರಡನೆಯವರಾಗಿದ್ದ ಅಲ್ ಗೋರರಿಗೆ ಸೇರಿದ್ದು ಮೂರನೆಯ ತೂತು. ಎರಡನೆಯದು ಬಲಪುಟದ ಪ್ಯಾಟ್ ಬುಕಾನನ್ ಅವರದು. ಬುಕಾನನ್‌ಗೆ ಅಲ್ಲಿ 3,407 ಮತಗಳು ಬಂದವು. 19,000ಕ್ಕೂ ಹೆಚ್ಚು ಮತಪತ್ರಗಳು ಒಂದಕ್ಕಿಂತ ಹೆಚ್ಚು ತೂತು ಮಾಡಿದ್ದರಿಂದ ತಿರಸ್ಕೃತವಾದವು. ಇಡೀ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ ಗೆದ್ದದ್ದು 537 ಮತಗಳ ಅಂತರದಿಂದ. ಗೋರರಿಗೆ ಹಾಕಬಯಸಿದ 2,000ಕ್ಕೂ ಹೆಚ್ಚು ಮಂದಿ ಆ ಪುಟವಿನ್ಯಾಸದಿಂದಾಗಿ ಬುಕಾನನ್‌ಗೆ ಹಾಕಿಬಿಟ್ಟರೆಂದು ರಾಜ್ಯಶಾಸ್ತ್ರದ ವಿದ್ವಾಂಸರು ಮಾರನೆಯ ವರ್ಷ ತೋರಿಸಿಕೊಟ್ಟರು. ಓದುಬರಹ ಬಲ್ಲ ದೇಶ, ಒಳ್ಳೆಯ ಉದ್ದೇಶ, ಆದರೂ ಹೀಗಾಯಿತು.

ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್ 1988ರಲ್ಲಿ ನಿತ್ಯಬಳಕೆಯ ವಸ್ತುಗಳ ಮನೋವಿಜ್ಞಾನವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದರು. ತಳ್ಳಬೇಕಾದ ಬಾಗಿಲನ್ನು ಎಳೆದು ಪೆಚ್ಚಾಗುವವರು ತಮ್ಮನ್ನು ತಾವೇ ದಡ್ಡರೆಂದು ಬೈದುಕೊಳ್ಳುತ್ತಾರೆ. ತಪ್ಪು ಆ ಬಾಗಿಲನ್ನು ಮಾಡಿದವನದು ಎಂಬುದು ಅವರ ವಾದ. ನನ್ನ ವಿದ್ಯಾರ್ಥಿ ಹೊಸ ವಿದ್ಯೆ ಎಂದದ್ದು ಇದನ್ನೇ. ನನಗೆ ಅದನ್ನು ಕಲಿಸಿದವರು ಹಾಡಿಯ ಆ ಅಜ್ಜಿ.

ನಾನು ನಿವೃತ್ತನಾದ ಮೇಲೂ ಈ ಸಾಧನ ಬದಲಾಗುತ್ತ ಬಂದಿದೆ. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದಲ್ಲಿ ಮೊದಲು ಬಳಕೆಯಾದ ವಿವಿಪ್ಯಾಟ್, 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಕಡೆಗೂ ಬಂತು. ಒತ್ತಿದ ಚಿಹ್ನೆಯ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಂಡು ಡಬ್ಬಿಗೆ ಬೀಳುತ್ತದೆ. ಸದ್ದಿನಿಂದ ಮತ ಬಿತ್ತೆಂದು ತಿಳಿಯುತ್ತಿತ್ತು, ಚೀಟಿಯಿಂದ ಯಾರಿಗೆ ಬಿತ್ತೆಂದೂ ತಿಳಿಯುತ್ತದೆ. 2015ರಿಂದ ಅಭ್ಯರ್ಥಿಯ ಭಾವಚಿತ್ರವೂ ಸೇರಿದೆ. ಅದರ ಬೆಲೆ ನಮ್ಮ ಕೆ.ಆರ್. ನಗರದವರಿಗೆ ಚೆನ್ನಾಗಿ ಗೊತ್ತು. ಆ ತಾಲ್ಲೂಕು ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. 2019ರಲ್ಲಿ ಅಲ್ಲಿ ಪಕ್ಷೇತರರಾಗಿ ನಿಂತು ಗೆದ್ದ ಸುಮಲತಾ ಅವರ ಜೊತೆಗೆ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಅಭ್ಯರ್ಥಿಗಳಿದ್ದರು. ಹೆಸರು ಓದಬಲ್ಲವನಿಗೂ ಅಂದು ಮುಖವೇ ದಾರಿ ತೋರಿಸಬೇಕಾಗಿತ್ತು.

ಒಂದು ಕೊರತೆ ಮಾತ್ರ ಇನ್ನೂ ಉಳಿದಿದೆ. ಕಾಗದದ ಕಾಲದಲ್ಲಿ ಹಲವು ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸುವ ವ್ಯವಸ್ಥೆಯಿತ್ತು. ಯಂತ್ರ ಬಂದ ಮೇಲೆ ಒಂದೊಂದು ಮತಗಟ್ಟೆಯ ಲೆಕ್ಕವೂ ಬೇರೆಬೇರೆಯಾಗಿ ಹೊರಬೀಳುತ್ತದೆ. ದೊಡ್ಡ ಪಟ್ಟಣದಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಒಂದೆರಡು ಹಾಡಿಗಳಿಗೆಂದೇ ಇರುವ ಮತಗಟ್ಟೆಯಲ್ಲಿ ಆ ಹಾಡಿ ಯಾರ ಕಡೆಗಿತ್ತೆಂಬುದು ಮರುದಿನವೇ ಊರಿಗೆಲ್ಲ ಗೊತ್ತಾಗುತ್ತದೆ. ರಸ್ತೆ, ನೀರು, ಮನೆಗಳಿಗಾಗಿ ಗೆದ್ದವರ ಬಾಗಿಲಿಗೆ ಹೋಗಬೇಕಾದವರ ಮನಸ್ಸಿನ ಮೇಲೆ ಅದರ ನೆರಳು ಬೀಳದೆ ಇರುತ್ತದೆಯೇ? ಯಂತ್ರಗಳ ಲೆಕ್ಕವನ್ನು ಕೂಡಿಸಿ ಒಟ್ಟು ಮೊತ್ತವನ್ನಷ್ಟೇ ತೋರಿಸುವ ಟೋಟಲೈಸರ್ ಎಂಬ ಸಾಧನವನ್ನು ಚುನಾವಣಾ ಆಯೋಗ 2008ರಲ್ಲಿಯೇ ಸೂಚಿಸಿತ್ತು. ಕಾನೂನು ಆಯೋಗವೂ 2015ರಲ್ಲಿ ಅದನ್ನು ಶಿಫಾರಸು ಮಾಡಿತು. ಇನ್ನೂ ಬಳಕೆಗೆ ಬಂದಿಲ್ಲ. ಕೈಗೆ ಸುಲಭವಾದ ಸಾಧನ ಮನಸ್ಸಿಗೂ ನಿರ್ಭಯವಾಗಿರಬೇಕು. ಅಂಜಿಕೆ ಉಳಿದಿರುವವರೆಗೆ ಕೆಲಸ ಮುಗಿಯಿತೆನ್ನಲಾಗದು.

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಜನ ಬಳಸುವ ವಸ್ತುಗಳನ್ನು ರೂಪಿಸುವ ಉದ್ಯೋಗದಲ್ಲಿದ್ದೀರಿ. ಬ್ಯಾಂಕಿನ ಆಪ್, ರೈಲ್ವೆ ಟಿಕೆಟ್ಟಿನ ಪುಟ, ಪಡಿತರದ ಯಂತ್ರ ನಿಮ್ಮ ಕೈಯಿಂದ ಬರುತ್ತಿರಬಹುದು. ಜನ ಅದರಲ್ಲಿ ತಪ್ಪು ಮಾಡಿದರೆಂದು ಕೇಳಿದಾಗ, ಅವರ ಬುದ್ಧಿಯನ್ನು ಅಳೆಯುವುದಕ್ಕೆ ಮೊದಲು ನೀವು ತೋರಿಸಿದ ಬೆರಳು ಎಲ್ಲಿತ್ತೆಂದು ಒಮ್ಮೆ ನೋಡಿಕೊಳ್ಳಿ.

ಕೊನೆಯದಾಗಿ ಇನ್ನೊಂದು ಮಾತು. ಅಂದು ಮತಗಟ್ಟೆಯಿಂದ ರಾತ್ರಿ ಲಾರಿಯಲ್ಲಿ ಹಿಂತಿರುಗುವಾಗ ನನಗೆ ನೆನಪಾದದ್ದು ತರಗತಿಯ ಕೊನೆಯ ಬೆಂಚಿನ ಹುಡುಗರು. "ಇಷ್ಟು ಹೇಳಿದರೂ ತಿಳಿಯುವುದಿಲ್ಲವೇ?" ಎಂದು ನಾನು ಎಷ್ಟು ಮಂದಿಯನ್ನು ಗದರಿದ್ದೆನೋ ಲೆಕ್ಕವಿಲ್ಲ. ಭೂಪಟದಲ್ಲಿ ಕಾವೇರಿಯನ್ನು ಬಿಟ್ಟು ಕಪಿಲೆಯನ್ನು ತೋರಿಸಿದವನು, ಇಸವಿಗಳನ್ನು ಹಿಂದುಮುಂದು ಮಾಡಿದವಳು, ಇವರಲ್ಲಿ ಎಷ್ಟು ಮಂದಿ ನನ್ನ ಬೆರಳನ್ನು ಸರಿಯಾಗಿಯೇ ನೋಡಿದ್ದರೋ! ಅಜ್ಜಿಗೆ ಹೇಳಿದ ಹಾಗೆ ಅವರಿಗೆ "ತಪ್ಪು ನನ್ನದು" ಎಂದು ಹೇಳುವ ಅವಕಾಶ ಅಂದು ಸಿಗಲಿಲ್ಲ. ನಿಮ್ಮಲ್ಲಿ ಅವರು ಯಾರಾದರೂ ಇದ್ದರೆ, ಈಗ ಹೇಳುತ್ತಿದ್ದೇನೆ.